ಪದಚರ್ಚೆ: ಸಾಂಕ್ರಾಮಿಕದ ಮಾತಿನಲ್ಲಿ ‘ದುರ್ಬಲರು’ ಎಂದರೆ ಯಾರು?

ಬಳಗದ ಎಲ್ಲರಿಗೂ ಕಾರವಾರದಿಂದ ನಮಸ್ಕಾರ.

ಆರೋಗ್ಯ ಕಾರ್ಯಕರ್ತೆಯರಿಗೆಂದು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ರೋಗ ಒಂದು ದೇಶದಲ್ಲಿ ತಡೆದು ನಿಲ್ಲುತ್ತದೆ, ಇನ್ನೊಂದರಲ್ಲಿ ಊರೂರನ್ನೇ ಮುಳುಗಿಸುತ್ತದೆ. ಇದಕ್ಕೆ ಅಲ್ಲಿಯ ಕೂಲಿ, ಮನೆ, ನೀರು, ರಜೆ, ಆಸ್ಪತ್ರೆಗಳು ಹೇಗೆ ಕಾರಣವಾಗುತ್ತವೆ ಎಂದು ವಿವರಿಸುವ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಪುಟಪುಟಕ್ಕೂ ‘ವಲ್ನರಬಲ್’, ಅಂದರೆ ಅಪಾಯ ಸುಲಭವಾಗಿ ತಟ್ಟಬಹುದಾದವರು, ಎಂಬ ಇಂಗ್ಲಿಷ್ ಪದ ಬರುತ್ತದೆ. ಮೊದಲ ಕರಡಿನಲ್ಲಿ ರೂಢಿಯಂತೆ ‘ದುರ್ಬಲ ವರ್ಗದವರು’ ಎಂದು ಬರೆದುಬಿಟ್ಟೆ.

ನಮ್ಮ ಬೀದಿಗೆ ಮೀನು ತರುವ ಅಕ್ಕ ಅಂಕೋಲೆ ಕಡೆಯವರು. ಕೇಳುವವರಿಗೆ ತಿಳಿಯುತ್ತದೋ ಇಲ್ಲವೋ ನೋಡೋಣವೆಂದು ಒಂದು ವಾಕ್ಯವನ್ನು ಅವರಿಗೆ ಓದಿ ಹೇಳಿದೆ: ‘ದುರ್ಬಲ ವರ್ಗದವರಿಗೆ ಸೋಂಕು ಬೇಗ ತಗಲುತ್ತದೆ.’ ಬಂಗಡೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಸುತ್ತಿದ್ದವರು ಕೈ ನಿಲ್ಲಿಸಿದರು. “ದುರ್ಬಲ ಅಂದ್ರೆ ಮೈಯಲ್ಲಿ ತ್ರಾಣ ಇಲ್ದವ್ರು ಅಲ್ರಾ? ನಂಗೆ ಎಂತ ಆಗಿದೆ?” ಹೌದು, ನಾನು ಹೇಳುತ್ತಿದ್ದುದು ಅವರಂಥವರ ಬಗ್ಗೆಯೇ. “ಮನೇಲಿ ಕೂರಿ ಅಂತ ಹೇಳಿದ್ರು. ಕೂತ್ರೆ ಆ ದಿವ್ಸದ ಅಕ್ಕಿ ಯಾರು ತರ್ತಾರೆ?” ಎಂದರು. ಹೊರಡುವಾಗ ಬುಟ್ಟಿಯನ್ನು ತಲೆಗೇರಿಸಲು ನಾನೂ ಕೈಕೊಟ್ಟೆ. ಐಸು ಕರಗಿದ ನೀರು ಮೊಣಕೈವರೆಗೂ ಇಳಿಯಿತು, ಎತ್ತುವಾಗ ನನ್ನ ಕೈ ನಡುಗಿತು. ಅವರ ಕತ್ತು ಅಲುಗಲಿಲ್ಲ.

ಅಂದೇ ಆ ಪದವನ್ನು ಹೊಡೆದುಹಾಕಿದೆ. ನನ್ನ ತಕರಾರು ಇಷ್ಟು: ‘ದುರ್ಬಲ’ ಎಂದೊಡನೆ ಕಾರಣ ಆ ವ್ಯಕ್ತಿಯ ಮೈಯೊಳಗೆ ಹೋಗಿ ಕೂರುತ್ತದೆ. ರೋಗ ಹಬ್ಬಿದ ಬಗೆಯನ್ನು ನೋಡಿದರೆ ಕಾರಣ ಇರುವುದು ಮೈಯ ಹೊರಗೆ. 2020ರ ಜುಲೈಯಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ಮಾಡಿದಾಗ, ಕೊಳೆಗೇರಿಗಳಲ್ಲಿ ನೂರಕ್ಕೆ ಸುಮಾರು 57 ಜನರಿಗೆ ಕೋವಿಡ್ ಸೋಂಕು ಆಗಲೇ ತಗಲಿ ಹೋಗಿತ್ತು. ಅದೇ ವಾರ್ಡುಗಳ ಉಳಿದ ವಸತಿಗಳಲ್ಲಿ ಸುಮಾರು 16. ಕೊಳೆಗೇರಿಯವರಿಗೆ ತ್ರಾಣ ಕಡಿಮೆಯೆಂದು ಆದದ್ದಲ್ಲ ಇದು; ಹತ್ತಾರು ಮನೆಗೆ ಒಂದೇ ನಲ್ಲಿ, ಒಂದೇ ಶೌಚಾಲಯವಿದ್ದುದರಿಂದ ಆದದ್ದು. ಸಿಂಗಪುರವಂತೂ ಶ್ರೀಮಂತ ದೇಶ. ಅಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ ನಮ್ಮ ದೇಶದ, ಬಾಂಗ್ಲಾದೇಶದ ಹುಡುಗರು ವೈದ್ಯಕೀಯ ಪರೀಕ್ಷೆಯಲ್ಲಿ ಗಟ್ಟಿಯೆಂದು ತೇರ್ಗಡೆಯಾಗಿಯೇ ವಿಮಾನ ಹತ್ತಿದವರು. ಒಂದೊಂದು ಕೋಣೆಯಲ್ಲಿ ಹತ್ತಾರು ಮಂಚ ಹಾಕಿದ ವಸತಿಗಳಲ್ಲಿದ್ದ ಅವರಲ್ಲಿ, 2020ರ ಕೊನೆಗೆ ನೂರಕ್ಕೆ 47 ಮಂದಿಗೆ ಸೋಂಕು ತಗಲಿತ್ತು. ಇವರನ್ನು ದುರ್ಬಲರು ಎನ್ನುವುದು ಯಾವ ಅರ್ಥದಲ್ಲಿ?

ನೂರು ವರ್ಷ ಹಿಂದಿನ ಕತೆಯೂ ಇದೇ. 1918ರ ಇನ್‌ಫ್ಲುಯೆಂಜಾ ಮುಂಬಯಿ ಬಂದರಿನಿಂದ ಒಳನಾಡಿಗೆ ಬಂತು. ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು. ಆ ವರ್ಷ ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ಆ ಜ್ವರ ಹೆಚ್ಚಾಗಿ ಕೊಂದದ್ದು ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು, ದುಡಿಯುವ ವಯಸ್ಸಿನವರನ್ನು. ಮುಂಬಯಿ ನಗರದ ಲೆಕ್ಕದಲ್ಲಿ, ‘ಕೆಳಜಾತಿ’ ಎಂದು ದಾಖಲಾದವರಲ್ಲಿ ಸಾವಿರಕ್ಕೆ 61ಕ್ಕೂ ಹೆಚ್ಚು ಸಾವು, ಯುರೋಪಿಯನ್ನರಲ್ಲಿ ಸುಮಾರು 8. ಜ್ವರ ಒಂದೇ ಆಗಿತ್ತು.

ಈಗ ಪದಕ್ಕೆ ಬರುತ್ತೇನೆ. ‘ಒಡ್ಡು’ ಧಾತುವಿನಿಂದ ಏನಾದರೂ ಮಾಡಬಹುದೇ ಎಂದು ಬಹಳ ಯೋಚಿಸಿದೆ. ಕೈಯೊಡ್ಡು, ಎದೆಯೊಡ್ಡು, ಬಲೆಯೊಡ್ಡು, ಬಿಸಿಲಿಗೆ ಒಡ್ಡು: ಒಂದನ್ನು ಇನ್ನೊಂದರ ಎದುರಿಗೆ ಇಡುವ ಅರ್ಥ ಎಲ್ಲದರಲ್ಲೂ ಇದೆ. ಆದರೆ ‘ರೋಗಕ್ಕೆ ಒಡ್ಡಿಕೊಂಡವರು’ ಎಂದರೆ ಆ ‘ಕೊಳ್ಳು’ ಎಲ್ಲವನ್ನೂ ಕೆಡಿಸುತ್ತದೆ, ತಾವಾಗಿಯೇ ಹೋಗಿ ನಿಂತರು ಎಂದಾಗುತ್ತದೆ. ‘ಒಡ್ಡಲ್ಪಟ್ಟವರು’ ಎಂಬುದು ವ್ಯಾಕರಣಕ್ಕೆ ಸರಿ, ನಾಲಿಗೆಗೆ ಭಾರ; ಯಾವ ಕಾರ್ಯಕರ್ತೆಯೂ ಮನೆಬಾಗಿಲಲ್ಲಿ ನಿಂತು ಅದನ್ನು ಆಡಲಾರಳು. ಇನ್ನೊಂದು ತೊಡಕೂ ಇದೆ. ಅಘನಾಶಿನಿ ಹೊಳೆಯ ದಂಡೆಯ ಗಜನಿ, ಅಂದರೆ ಉಪ್ಪುನೀರಿನ ಬದಿಯ ತಗ್ಗು ಗದ್ದೆಯವರಿಗೆ ‘ಒಡ್ಡು’ ಎಂದರೆ ಉಪ್ಪುನೀರು ನುಗ್ಗದಂತೆ ಕಟ್ಟಿದ ಮಣ್ಣಿನ ದಂಡೆ. ಅದು ಕಾಯುವ ವಸ್ತು. ಒಂದೇ ಪದ ಇಲ್ಲಿ ಕಾಯುತ್ತದೆ, ಅಲ್ಲಿ ಅಪಾಯದ ಎದುರು ನಿಲ್ಲಿಸುತ್ತದೆ. ನಿಘಂಟಿನಲ್ಲಿ ಎರಡೂ ಅರ್ಥಗಳಿವೆ, ಆದರೂ ಕುಮಟೆಯ ಓದುಗರ ಮುಂದೆ ಇದನ್ನಿಡಲು ನನಗೆ ಧೈರ್ಯ ಸಾಲದು.

‘ತುತ್ತಾಗುವವರು’ ಪತ್ರಿಕೆಗಳಲ್ಲಿ ಚಾಲ್ತಿಯಲ್ಲಿದೆ. ಆದರೆ ಅದು ರೋಗ ಬಂದ ಮೇಲಿನ ಮಾತು, ಬರುವ ಮೊದಲಿನ ಸ್ಥಿತಿಯನ್ನು ಹೇಳುವುದಿಲ್ಲ. ‘ಸಿಕ್ಕಿಬೀಳುವವರು’ ಎಂದರೆ ಕಳ್ಳರ ನೆನಪಾಗುತ್ತದೆ.

ಹೋದ ವಾರ ಮಳೆಗಾಲಕ್ಕೆಂದು ಮನೆಯ ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟಿಸುತ್ತಿದ್ದೆ. ಕಟ್ಟುತ್ತಿದ್ದವರು ಬಚ್ಚಲಿನ ಮೂಲೆಯನ್ನು ತೋರಿಸಿ, “ಇಲ್ಲಿಗೆ ಮರೆ ಬ್ಯಾಡ್ವಾ? ಇರಚಲು ಪೂರಾ ಇಲ್ಲೇ ಹೊಡೀತದೆ” ಎಂದರು. ಆ ‘ಮರೆ’ ಎಂಬ ಪದ ಅಂದಿನಿಂದ ಮನಸ್ಸಿನಲ್ಲೇ ಉಳಿದಿದೆ. ಗಾಳಿಗೆ ಮರೆ, ಮಳೆಗೆ ಮರೆ. ‘ಮರೆಯಿಲ್ಲದವರು’ ಎಂದರೆ ಅವರ ಗೋಡೆ ಸೊಟ್ಟ ಎಂದಾಗುವುದಿಲ್ಲ, ಕಟ್ಟಬೇಕಾದ ತಟ್ಟಿ ಕಟ್ಟಿಲ್ಲ ಎಂದಾಗುತ್ತದೆ. ಕೂಲಿ ಕಡಿಯದ ರಜೆ ಒಂದು ಮರೆ. ಮನೆಯೊಳಗೇ ಬರುವ ನೀರು ಒಂದು ಮರೆ. ‘ಸೋಂಕಿತರನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಿ’ ಎಂದು ಇದೇ ಕೈಪಿಡಿ ಹೇಳುತ್ತದೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ 37 ಕುಟುಂಬಗಳಿಗೆ ಇದ್ದುದು ಒಂದೇ ಕೋಣೆ.

ಅಡ್ಡಿಗಳೂ ಇವೆ. ‘ಮರೆ’ ಕ್ರಿಯಾಪದವೂ ಹೌದು. ಬರಹದಲ್ಲಿ ‘ಮರೆಯದವರು’, ‘ಮರೆಯಿಲ್ಲದವರು’ ಒಂದರ ಪಕ್ಕ ಒಂದು ಬಂದರೆ ಎಡವುತ್ತೇವೆ. ‘ಮುಚ್ಚುಮರೆಯಿಲ್ಲದೆ’ ಎಂಬುದಕ್ಕೆ ಬೇರೆಯೇ ಅರ್ಥ. ‘ಆಸರೆಯಿಲ್ಲದವರು’ ಎನ್ನಬಹುದಿತ್ತು, ಆದರೆ ಅದು ಅನಾಥರು ಎಂಬಲ್ಲಿಗೆ ಎಳೆದೊಯ್ಯುತ್ತದೆ, ಕರುಣೆ ಬೇಡುತ್ತದೆ. ಮೀನು ತರುವ ಅಕ್ಕ ಅದನ್ನೂ ಒಪ್ಪುವವರಲ್ಲ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ. ‘ಹರಡು’ ಎಂಬುದು ಕನ್ನಡದಲ್ಲಿ ಎರಡೂ ಕಡೆಗೆ ಸಲ್ಲುತ್ತದೆ: ರೋಗ ಹರಡಿತು, ಅವರು ರೋಗ ಹರಡಿದರು. 2020ರಲ್ಲಿ ಗೋವೆಯಿಂದ, ಮುಂಬಯಿಯಿಂದ ಊರಿಗೆ ಮರಳಿದವರ ಬಗ್ಗೆ ಈ ಎರಡನೆಯ ವಾಕ್ಯ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತಿತ್ತು! ‘ಹಬ್ಬು’ ಹಾಗಲ್ಲ. ರೋಗ ಹಬ್ಬುತ್ತದೆ, ಬಳ್ಳಿ ಹಬ್ಬುತ್ತದೆ; ಒಬ್ಬರ ತಲೆಗೆ ಕಟ್ಟಬೇಕೆಂದರೆ ‘ಹಬ್ಬಿಸಿದರು’ ಎಂದು ಬೇಕೆಂದೇ ಹೇಳಬೇಕು. ಹಾಗಾಗಿ ಇಡೀ ಅಧ್ಯಾಯದಲ್ಲಿ ‘ಹರಡು’ ತೆಗೆದು ‘ಹಬ್ಬು’ ಹಾಕುತ್ತಿದ್ದೇನೆ. ಬಳ್ಳಿಗೆ ಚಪ್ಪರ ಬೇಕಲ್ಲ, ಆ ಚಪ್ಪರದ ಮಾತೇ ಅಧ್ಯಾಯದ ವಿಷಯವೂ ಆಗಿರುವುದರಿಂದ ಹೊಂದುತ್ತದೆ ಎನಿಸುತ್ತದೆ.

ಸದ್ಯಕ್ಕೆ ವಾಕ್ಯ ಹೀಗಿದೆ: ‘ದುಡಿಮೆಗೆ, ಮನೆಗೆ ಮರೆಯಿಲ್ಲದ ಕಡೆ ಸೋಂಕು ಬೇಗ ಹಬ್ಬುತ್ತದೆ.’ ಜನರನ್ನು ಬಿಟ್ಟು ಜಾಗವನ್ನು ಹಿಡಿದಿದ್ದೇನೆ. ‘ದುಡಿಮೆಗೆ ಮರೆ’ ಎಂಬುದು ಘಟ್ಟದ ಮೇಲಿನವರಿಗೆ, ಬಯಲುಸೀಮೆಯವರಿಗೆ ಥಟ್ಟನೆ ತಿಳಿಯುತ್ತದೆಯೇ? ಶಿರಸಿ, ಸಿದ್ದಾಪುರದ ಕಡೆ ಇದೇ ಅರ್ಥಕ್ಕೆ ಬೇರೆ ಮಾತೇನಾದರೂ ಇದೆಯೇ? ಅಚ್ಚಿಗೆ ಹೋಗಲು ಇನ್ನು ಹತ್ತು ದಿನವಿದೆ, ಅಷ್ಟರೊಳಗೆ ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.