ಚಿಕ್ಕಮಗಳೂರು: ಮನೆ ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ದುಡ್ಡು ಮುರ್ಕೊಂಡ್ರೆ?

ಕಲ್ಯಾಣನಗರ_ಬಾಡಿಗೆ:
ಎರಡು ಬೆಡ್‌ರೂಮಿನ ಮನೆ, ಬಾಡಿಗೆ 9,000, ಅಡ್ವಾನ್ಸ್ 50,000. ಮೂರು ವರ್ಷ ಆಯ್ತು, ತಿಂಗಳ ಕೊನೆಗೆ ಖಾಲಿ. ಪೇಂಟಿಂಗ್‌ಗೆ 18,000, ಕ್ಲೀನಿಂಗ್‌ಗೆ 3,000 ಮುರ್ಕೊಳ್ತೀನಿ ಅಂತಿದಾರೆ ಓನರ್. ಒಂದು ರೂಮಿನ ಗೋಡೆ ಬುಡದಲ್ಲಿ ಬೂಷ್ಟು ಹಿಡಿದು ಬಣ್ಣ ಎದ್ದಿದೆ. ಅದಕ್ಕೂ ನಾವೇ ಕೊಡಬೇಕಾ?

ಕರಾರು_ಪತ್ರ:
ಮೊದಲು ಅಗ್ರಿಮೆಂಟ್ ಓದಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಅಂತ ಬರೆದಿದ್ರೆ 9,000 ಹೋಯ್ತು ಅಂದ್ಕೊಳ್ಳಿ, ಸಹಿ ಹಾಕಿದೀರಲ್ಲ. ಆದ್ರೆ 18,000 ಅಲ್ಲ. ಏನೂ ಬರೆದಿಲ್ಲದಿದ್ರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಇದೆ: ಸಹಜ ಸವೆತ ಬಿಟ್ಟು, ತಗೊಂಡ ಸ್ಥಿತಿಯಲ್ಲಿ ವಾಪಸ್ ಕೊಡಬೇಕು. ಮೂರು ವರ್ಷಕ್ಕೆ ಬಣ್ಣ ಮಾಸೋದು ಸಹಜ ಸವೆತ. ಮೊಳೆ ತೂತು, ಮಕ್ಕಳು ಗೀಚಿದ್ದು, ಒಡೆದ ಸಿಂಕು ನಿಮ್ಮ ಲೆಕ್ಕಕ್ಕೇ.

ಗಾರೆ_ಸುಣ್ಣ:
ಬೂಷ್ಟು ಎಲ್ಲಿಂದ ಅಂತ ಮೊದಲು ಗೊತ್ತಾಗ್ಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಎದ್ದ ಬಣ್ಣದ ಮೇಲೆ ಟೇಪ್ ನಿಲ್ಲಲ್ಲ, ಪಕ್ಕದ ಗಟ್ಟಿ ಜಾಗ ನೋಡಿ. ಹಾಳೆಯ ಗೋಡೆ ಬದಿ ಬೆವರಿದ್ರೆ ನೀರು ಗೋಡೆಯಿಂದಲೇ ಬರ್ತಿದೆ: ತಳಪಾಯ, ಹೊರಗಿನ ಬಿರುಕು, ಇಲ್ಲಾ ಬಚ್ಚಲಿನ ಪೈಪು. ಅದು ಓನರ್ ಖರ್ಚು. ಈಚೆ ಬದಿ ಹನಿ ಕೂತ್ರೆ ಕೋಣೆಯ ತೇವ. ಮಳೆಗಾಲದಲ್ಲಿ ಒಳಗೇ ಬಟ್ಟೆ ಒಣಗಿಸಿ ಕಿಟಕಿ ಮುಚ್ಚಿಟ್ರೆ ಹೀಗಾಗತ್ತೆ. ಆಗ ವಾದ ಮಾಡೋದು ಕಷ್ಟ.

18,000ಕ್ಕೆ ಲೆಕ್ಕ ಕೇಳಿ. 10x12ರ ರೂಮು, 10 ಅಡಿ ಎತ್ತರ ಅಂದ್ರೆ ಗೋಡೆ 440 ಚದರಡಿ. ಬಾಗಿಲು ಕಿಟಕಿ ಕಳೆದು 400. ಎರಡು ಕೋಟ್‌ಗೆ 6-7 ಲೀಟರ್ ಎಮಲ್ಷನ್ ಸಾಕು. ಕೆಟ್ಟಿರೋದು ಒಂದು ರೂಮು, ಬಿಲ್ ಇಡೀ ಮನೆಗಾ? ನೀವೇ ಪುಟ್ಟಿ ಬಳಿದು ಮುಚ್ಚೋಕೆ ಮಾತ್ರ ಹೋಗ್ಬೇಡಿ, ತೇವ ಆರದೆ ಹಚ್ಚಿದ್ದು ಹಪ್ಪಳದ ಹಾಗೆ ಏಳತ್ತೆ.

ಮೀಟರ್_ಬೋರ್ಡ್:
ಬೀಗದ ಕೈ ಕೊಡೋ ದಿನ ಮೆಸ್ಕಾಂ ಮೀಟರ್ ರೀಡಿಂಗ್ ಫೋಟೋ ತೆಗೀರಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಕೊಟ್ಟಿದ್ರೆ ಸೇವಾ ಸಿಂಧುನಲ್ಲಿ ಡಿ-ಲಿಂಕ್ ಮಾಡ್ಸಿ, ಇಲ್ಲಾಂದ್ರೆ ಹೊಸ ಮನೆಯ ಆರ್‌ಆರ್ ನಂಬರ್‌ಗೆ ಸೇರಿಸೋಕಾಗಲ್ಲ. ಕ್ಲೀನಿಂಗ್ ನೀವೇ ಮಾಡ್ಸಿ ವಿಡಿಯೋ ಇಟ್ಕೊಳ್ಳಿ.

ಕಲ್ಯಾಣನಗರ_ಬಾಡಿಗೆ:
ಅಗ್ರಿಮೆಂಟಲ್ಲಿ ಪೇಂಟಿಂಗ್ ಸುದ್ದಿನೇ ಇಲ್ಲ. ಹಾಳೆ ಅಂಟಿಸಿದ್ದೆ, ಗೋಡೆ ಬದಿಯೇ ಬೆವರಿದೆ. ಆದ್ರೂ ಕೊಡಲ್ಲ ಅಂದ್ರೆ?

ಕರಾರು_ಪತ್ರ:
ಆ ಹಾಳೆ ಫೋಟೋ ಸಮೇತ ವಾಟ್ಸಾಪ್‌ನಲ್ಲಿ ಬರೆದೇ ಕೇಳಿ, ಫೋನಲ್ಲಿ ಬೇಡ. ಯಾವುದಕ್ಕೆ ಎಷ್ಟು, ಬಿಲ್ ಎಲ್ಲಿ ಅಂತ. ಬಗ್ಗದಿದ್ರೆ ವಕೀಲರಿಂದ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್. ದಾವೆ ಹಾಕೋಕೆ ಮೂರು ವರ್ಷ ಟೈಮ್ ಇದೆ, ಆದ್ರೆ ಹೆಚ್ಚಿನವರು ನೋಟಿಸ್‌ಗೇ ಮಾತಿಗೆ ಬರ್ತಾರೆ.