ಅಪ್‌ಡೇಟ್: ವಾರಕ್ಕೆ ನಾಲ್ಕೇ ಗಂಟೆಯಲ್ಲಿ ಈವ್ ಆನ್‌ಲೈನ್
ವಾರಕ್ಕೆ ನಾಲ್ಕೇ ಗಂಟೆ ಬಿಡುವಿರುವವರಿಗೆ ಈವ್ ಆನ್‌ಲೈನ್ (ಬಾಹ್ಯಾಕಾಶದಲ್ಲಿ ಹಡಗು ನಡೆಸುವ, ಸಾವಿರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಆಟ) ಆಗುತ್ತದೆಯೇ ಎಂದು ಕಾಸರಗೋಡಿನಿಂದ ಕೇಳಿದ್ದೆ. ಧಾರಾಳವಾಗಿ ಆಗುತ್ತದೆ. ಸ್ಕಿಲ್ ತರಬೇತಿ ಲಾಗ್‌ಔಟ್ ಆದ ಮೇಲೂ ನಡೆಯುತ್ತದೆ. ಆಟ ಮುಗಿಸಿ ಏಳುವ ಮುನ್ನ ಮುಂದೆ ಕಲಿಯಬೇಕಾದ ಸ್ಕಿಲ್‌ಗಳ ಸಾಲನ್ನು (ಕ್ಯೂ) ತುಂಬಿಸಿ. ಹೊಸಬರಿಗೆ ಆಟ ಕಲಿಸುವ ಕೆರಿಯರ್ ಏಜೆಂಟ್‌ಗಳ ಮಿಷನ್ ಬಿಡಬೇಡಿ, ಮೊದಲ ಹಡಗುಗಳು ಅಲ್ಲೇ ಸಿಗುತ್ತವೆ.

ಹೆಚ್ಚಿನವರು ಎಡವುವುದು ಹಡಗನ್ನು ತಾನೇ ನಡೆಸುವ ಆಟೋಪೈಲಟ್‌ನಲ್ಲಿ. ಅದು ಒಂದು ನಕ್ಷತ್ರ ಮಂಡಲದಿಂದ ಇನ್ನೊಂದಕ್ಕೆ ದಾಟಿಸುವ ಗೇಟ್‌ನಿಂದ ದೂರದಲ್ಲೇ ಇಳಿಸಿ, ಉಳಿದದ್ದನ್ನು ತೆವಳಿಕೊಂಡು ಹೋಗುತ್ತದೆ. ಬೆಲೆಬಾಳುವ ಸರಕಿದ್ದರೆ ಅಷ್ಟರಲ್ಲೇ ಬೇರೆ ಆಟಗಾರರು ಹೊಡೆದು ಬೀಳಿಸುತ್ತಾರೆ. ಗೇಟ್ ಆಯ್ದು ನೀವೇ ‘ಜಂಪ್’ ಒತ್ತಿದರೆ ಹಡಗು ನೇರ ಅದರ ಬುಡದಲ್ಲೇ ಇಳಿದು ದಾಟುತ್ತದೆ. ಭದ್ರತಾ ಅಂಕ 0.5 ಮತ್ತು ಮೇಲಿರುವ ಸುರಕ್ಷಿತ ಪ್ರದೇಶ, ಅಂದರೆ ಹೈಸೆಕ್‌ನಲ್ಲೂ ಆಟದೊಳಗಿನ ಕಾಂಕಾರ್ಡ್ ಪೊಲೀಸರು ನಿಮ್ಮನ್ನು ಕಾಯುವುದಿಲ್ಲ, ಹೊಡೆದವರನ್ನು ಆಮೇಲೆ ಶಿಕ್ಷಿಸುತ್ತಾರೆ ಅಷ್ಟೆ.

ಗುಡುಗಿದರೆ ಕರೆಂಟ್ ಹೋಗುವ ನಮ್ಮ ಕಡೆ, ಮೋಡ ಕವಿದೊಡನೆ ಹಡಗನ್ನು ಸ್ಟೇಷನ್ ಒಳಗೆ ನಿಲ್ಲಿಸಿಬಿಡಿ (ಡಾಕ್ ಮಾಡಿ). ದಿನವೂ ನಮ್ಮ ಸಮಯ ಸಂಜೆ 4:30ಕ್ಕೆ ಆಟದ ಸರ್ವರ್ ಕೂಡ ಸ್ವಲ್ಪ ಹೊತ್ತು ನಿಲ್ಲುತ್ತದೆ.