ಸಹಾಯ ಬೇಕು: ಅಮ್ಮನ ಕೊಂಕಣಿ ನೋಟ್‌ಬುಕ್ ಓದಿಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಕನ್ನಡದಲ್ಲಿ ಕತೆ ಬರೀತೇನೆ. ಇಗರ್ಜಿಯಿಂದ (ಚರ್ಚಿನಿಂದ) ಬಂದು, ಮೀನಿನವಳು ಕೂಗೋದರೊಳಗೆ ಒಂದು ಪುಟವಾದರೂ ಆಗಬೇಕು. ಆಮೇಲೆ ದಿನ ನನ್ನದಲ್ಲ.

ತೀರಿಹೋದ ಅಮ್ಮನ ನೋಟ್‌ಬುಕ್ ಪೆಟ್ಟಿಗೆಯಲ್ಲಿ ಸಿಕ್ಕಿದೆ. ಪೂರಾ ರೋಮನ್ ಲಿಪಿಯ ಕೊಂಕಣಿ, ಗೋವಾ ಕಡೆಯ ರೂಢಿ. ‘ಎಕ್ಸ್’ ಇದ್ದಲ್ಲಿ ‘ಶ’ ಅಂತ ಓದಬೇಕು ಅನ್ನೋವರೆಗೆ ಬಂದಿದ್ದೇನೆ, ಮುಂದೆ ಬರೀ ತಡಕಾಟ. ಪ್ರಾರ್ಥನೆಯ ನಡುವೆಯೇ ಒಣಮೀನಿನ ಲೆಕ್ಕ, ಅದರ ಪಕ್ಕ ಅಪ್ಪನ ಮೇಲಿನ ಸಿಟ್ಟು (ಅಷ್ಟು ಮಾತ್ರ ಚೆನ್ನಾಗಿ ಅರ್ಥವಾಯ್ತು!). ಮಳೆಗಾಲದ ಥಂಡಿಗೆ ಕೆಲವು ಹಾಳೆಗಳಲ್ಲಿ ಶಾಯಿ ಹರಡಿದೆ.

ಸದಾಶಿವಗಡ, ಮಾಜಾಳಿ ಕಡೆ ಇದನ್ನು ಓದಬಲ್ಲ ಹಿರಿಯರಿದ್ದರೆ ತಿಳಿಸಿ. ನಾನೇ ಬರ್ತೇನೆ, ನೋಟ್‌ಬುಕ್ ಮಾತ್ರ ಬಿಟ್ಟುಹೋಗೋದಿಲ್ಲ.